ಕ್ಲಾರ್ಕಿ ಸೋಜಾ ಅವರ ಆಟದ ಪಟ್ಟಿ ಕಟ್ಟಿದ್ದು ಹೀಗೆ

1950ರ ವಿಶ್ವಕಪ್ ಆಡಿದ ಅಮೆರಿಕದ ಫುಟ್‌ಬಾಲ್ ಆಟಗಾರ ಜಾನ್ ‘ಕ್ಲಾರ್ಕಿ’ ಸೋಜಾ ಅವರ ಗೋಲುಗಳ ಪಟ್ಟಿ ಕಟ್ಟಲಾಗದು ಎಂದು ಹಳೆಯ ಫುಟ್‌ಬಾಲ್ ಲೆಕ್ಕ ಇಡುವವರಲ್ಲಿ ಅನೇಕರು ಕೈಚೆಲ್ಲಿದ್ದರು. ಕಾರಣ ಎಲ್ಲರಿಗೂ ಗೊತ್ತಿರುವುದೇ. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್‌ನಲ್ಲಿ ಪೊಂಟಾ ಡೆಲ್ಗಾಡಾ ಕ್ಲಬ್‌ಗೆ ಜಾನ್ ಸೋಜಾ, ಎಡ್ ಸೋಜಾ ಇಬ್ಬರೂ ಫಾರ್ವರ್ಡ್‌ಗಳು. ಅಮೆರಿಕ ತಂಡದಲ್ಲೂ ಇಬ್ಬರೂ ಆಡಿದ್ದಾರೆ. ಅಣ್ಣತಮ್ಮಂದಿರು ಎಂದು ಅಲ್ಲಲ್ಲಿ ಬರೆದಿದ್ದರೂ ಸಂಬಂಧಿಕರೇ ಅಲ್ಲ. ನಮ್ಮ ಮಂಗಳೂರಿನ ಡಿಸೋಜಾಗಳಂತೆ, ಅಜೋರ್ಸ್ ದ್ವೀಪಗಳಿಂದ ಹೋಗಿ ನೆಲೆಸಿದ ಪೋರ್ಚುಗೀಸರ ಆ ಗಿರಣಿ ಊರಿನಲ್ಲಿ ಬೀದಿಗೊಬ್ಬ ಸೋಜಾ. ಪತ್ರಿಕೆಯಲ್ಲಿ ಬರೀ ‘ಸೋಜಾ 2’ ಎಂದಿದ್ದರೆ ಯಾರ ಖಾತೆಗೆ ಹಾಕುವುದು?

ಈಗ ಪಟ್ಟಿ ನಿಂತಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಐದಾರು ಸೀಸನ್‌ಗಳ ಕಪ್ ಆಟಗಳಲ್ಲಿ, ನೆನಪಿನಿಂದ ಹೇಳುವುದಾದರೆ, ಐದರಲ್ಲಿ ನಾಲ್ಕು ಪಾಲು ‘ಸೋಜಾ’ ಗೋಲುಗಳಿಗೆ ಒಡೆಯ ಸಿಕ್ಕಿದ್ದಾನೆ. ಇಷ್ಟು ದೂರ ಬೇರೆ ಯಾರೂ ಬಂದಂತಿಲ್ಲ.

ಮೊದಲು, ಕೆಲಸಕ್ಕೆ ಬಾರದ ದಾರಿಗಳು. ಹೆಸರು ಬಿಡಿಯಾಗಿ ಸಿಕ್ಕ ಗೋಲುಗಳ ಅನುಪಾತ ತೆಗೆದು ಉಳಿದವನ್ನೂ ಅದೇ ಲೆಕ್ಕದಲ್ಲಿ ಹಂಚುವ ಚಾಳಿ ನಮ್ಮಲ್ಲಿದೆ. ಬೇಡ. ಹೆಸರು ಬಿಡಿಸಿ ಬರೆದಿರುವುದೇ ದೊಡ್ಡ ಆಟಗಳಲ್ಲಿ, ಸಣ್ಣ ಆಟಗಳಲ್ಲಿ ಗೋಲು ಹೊಡೆದವನು ಬೇರೆಯವನಾಗಿರಬಹುದು. ಸುದ್ದಿಸಂಸ್ಥೆಯ ತಂತಿ ವರದಿ ಹಿಡಿದು ಕೂತರೂ ಅಷ್ಟೇ. ಅದರಲ್ಲಿ ಸ್ಕೋರು, ಕೊನೆಯ ಹೆಸರು, ಮುಗಿಯಿತು.

ಕೈಹಿಡಿದದ್ದು ಮೂರು ಖಾನೆಯ ಸ್ಪ್ರೆಡ್‌ಶೀಟ್: ‘ಜಾನ್ ಖಚಿತ’, ‘ಎಡ್ ಖಚಿತ’, ‘ಬರೀ ಸೋಜಾ’. ಎಲ್ಲ ಗೋಲೂ ಮೊದಲು ಮೂರನೆಯ ಖಾನೆಗೇ ಹೋಗಬೇಕು. ಅಲ್ಲಿಂದ ಎತ್ತಿ ಮೊದಲೆರಡಕ್ಕೆ ಹಾಕಲು ಎರಡು ಬೇರೆ ಬೇರೆ ಸಾಕ್ಷಿ ಬೇಕು.

ಒಂದನೆಯ ಸಾಕ್ಷಿ ಲೈನ್‌ಅಪ್‌ನ ಸಾಲು. ಆ ಕಾಲದ ಐದು ಫಾರ್ವರ್ಡ್‌ಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಬ್ರೆಜಿಲ್‌ನ ವಿಶ್ವಕಪ್‌ನಲ್ಲಿ, 1950ರ ಜೂನ್ 29ರಂದು ಬೆಲೊ ಹೊರಿಜೊಂಟೆಯಲ್ಲಿ ಇಂಗ್ಲೆಂಡನ್ನು 1–0ರಿಂದ ಸೋಲಿಸಿದ ತಂಡದ ಸಾಲು ನೋಡಿ: ವಾಲೇಸ್, ಪರಿಯಾನಿ, ಗೇಟ್ಜೆನ್ಸ್, ಸೋಜಾ, ಸೋಜಾ. ಕೊನೆಯಿಂದ ಎರಡನೆಯವರು ಇನ್‌ಸೈಡ್ ಲೆಫ್ಟ್ (ನಡುವಿಗೂ ಎಡ ಅಂಚಿಗೂ ಮಧ್ಯೆ ಆಡುವವರು) ಜಾನ್, ಕೊನೆಯವರು ಔಟ್‌ಸೈಡ್ ಲೆಫ್ಟ್ (ಎಡ ಅಂಚಿನವರು) ಎಡ್. ಹಾಗಾಗಿ ವರದಿಯಲ್ಲಿ ‘ಎಡ ಅಂಚಿನಿಂದ ಸೋಜಾ ಕ್ರಾಸ್ ಕೊಟ್ಟರು’ ಎಂದಿದ್ದರೆ ಎಡ್ ಕಡೆಗೆ, ‘ಪೆನಾಲ್ಟಿ ಅಂಗಳದ ಅಂಚಿನಲ್ಲಿ ಇಬ್ಬರನ್ನು ದಾಟಿ’ ಎಂದಿದ್ದರೆ ಜಾನ್ ಕಡೆಗೆ ತಕ್ಕಡಿ ವಾಲುತ್ತದೆ.

ಆದರೆ ಇದೊಂದನ್ನೇ ನಂಬಿದರೆ ಕೆಡುತ್ತದೆ. ನಾಲ್ಕು ದಿನ ಮೊದಲು ಕುರಿಟಿಬಾದಲ್ಲಿ ಸ್ಪೇನ್ ವಿರುದ್ಧದ ಆಟದಲ್ಲಿ ಎಡ್ ಇರಲೇ ಇಲ್ಲ. ಜಾನ್ ಹೆಸರು ಸಾಲಿನಲ್ಲಿ ಎರಡನೆಯದು, ಅಂದರೆ ಇನ್‌ಸೈಡ್ ರೈಟ್ ಜಾಗದಲ್ಲಿ. ಪರಿಯಾನಿ ಅವರ ಗೋಲಿನಿಂದ ಮುಂದಿದ್ದ ಅಮೆರಿಕ, ಕೊನೆಯ ಹತ್ತು ನಿಮಿಷಗಳಲ್ಲಿ ಮೂರು ಗೋಲು ಬಿಟ್ಟುಕೊಟ್ಟ ಆಟ ಅದು. ರಾಷ್ಟ್ರೀಯ ತಂಡದಲ್ಲೇ ಜಾಗ ಹೀಗೆ ಬದಲಾಗಿದ್ದರೆ ಕ್ಲಬ್ ಆಟದಲ್ಲಿ ಕೇಳುವುದೇ ಬೇಡ.

ಎರಡನೆಯ ಸಾಕ್ಷಿ ಅಡ್ಡಹೆಸರು. ಊರಿನ ಪತ್ರಿಕೆ ಓದುವವರಿಗೆ ಅವರು ಜಾನ್ ಅಲ್ಲ, ಕ್ಲಾರ್ಕಿ. ಆಟಗಳು ಹೆಚ್ಚಾಗಿ ಭಾನುವಾರ, ಹಾಗಾಗಿ ಎಲ್ಲರೂ ಸೋಮವಾರದ ಪುಟ ತೆಗೆದು ನಿಲ್ಲಿಸುತ್ತಾರೆ. ಅಲ್ಲಿ ನಿಲ್ಲಬಾರದು. ಮಂಗಳವಾರ, ಬುಧವಾರದ ಚಿಲ್ಲರೆ ಸುದ್ದಿಯ ಅಂಕಣ, ಮುಂದಿನ ಶನಿವಾರದ ಮುನ್ನೋಟ, ಇವುಗಳಲ್ಲಿ ‘ಕಳೆದ ವಾರ ಎರಡು ಹೊಡೆದ ಕ್ಲಾರ್ಕಿ’ ಎಂಬ ಅರ್ಧ ಸಾಲು ಸಿಗುತ್ತದೆ. ನನ್ನ ಪಟ್ಟಿಯ ಬಹುಪಾಲು ನಿಂತಿರುವುದು ಆ ಅರ್ಧ ಸಾಲುಗಳ ಮೇಲೆ.

ಪೋರ್ಚುಗೀಸ್ ಭಾಷೆಯ ಪತ್ರಿಕೆಗಳನ್ನು ಬಿಡಬೇಡಿ. ನ್ಯೂ ಬೆಡ್‌ಫರ್ಡ್‌ನಿಂದ ಬರುತ್ತಿದ್ದ ‘ದಿಯಾರಿಯೊ ದೆ ನೊತೀಸಿಯಾಸ್’ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಸೋಜಾ (Souza) ಹೆಸರಿನ ಝಡ್ ಜಾಗದಲ್ಲಿ ಎಸ್ ಇಟ್ಟೂ ಹುಡುಕಬೇಕು. ಇಂಗ್ಲಿಷ್ ಸ್ಕ್ಯಾನ್‌ಗಳಲ್ಲೂ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ನಡುವಿನ ಯು ಅಕ್ಷರವನ್ನು ಎನ್ ಎಂದು ಓದುತ್ತದೆ. ಕ್ಲಬ್ ಹೆಸರಿನಿಂದ ಹುಡುಕುವಾಗ ‘ಡೆಲ್ಗಾಡಾ’ ಒಂದೇ ಪದ ಸಾಕು. ಎರಡೂ ಪದ ಕೊಟ್ಟರೆ, ಅಂಕಣದ ಅಂಚಿನಲ್ಲಿ ಹೆಸರು ಮುರಿದು ಮುಂದಿನ ಸಾಲಿಗೆ ಹೋದ ಕಡೆಯೆಲ್ಲ ತಪ್ಪಿಹೋಗುತ್ತದೆ.

1947ರ ಬಗ್ಗೆ ಎಚ್ಚರ. ಆ ವರ್ಷ ಪೊಂಟಾ ಡೆಲ್ಗಾಡಾ ನ್ಯಾಷನಲ್ ಚಾಲೆಂಜ್ ಕಪ್, ನ್ಯಾಷನಲ್ ಅಮೆಚೂರ್ ಕಪ್ ಎರಡನ್ನೂ ಗೆದ್ದಿತು. ಹವಾನಾದಲ್ಲಿ ನಡೆದ ಉತ್ತರ ಅಮೆರಿಕ ಟೂರ್ನಿಗೆ ಅದೇ ಕ್ಲಬ್ಬೇ ಅಮೆರಿಕ ತಂಡವಾಗಿ ಹೋಗಿ ಮೆಕ್ಸಿಕೊಗೆ 5–0, ಕ್ಯೂಬಾಗೆ 5–2ರಿಂದ ಸೋತಿತು. ಪತ್ರಿಕೆ ಕ್ಲಬ್ ಹೆಸರಲ್ಲೇ ಬರೆದಿದ್ದರೂ ಅವು ಅಂತರರಾಷ್ಟ್ರೀಯ ಪಂದ್ಯಗಳು. ಕ್ಲಬ್ ಖಾತೆಗೆ ಹಾಕಿದರೆ ರಾಷ್ಟ್ರೀಯ ಲೆಕ್ಕ (ಸಾಮಾನ್ಯವಾಗಿ ಕೊಡುವುದು 14 ಪಂದ್ಯ, 2 ಗೋಲು) ತಾಳೆಯಾಗುವುದಿಲ್ಲ. ಅಮೆರಿಕ ತಂಡದ 1948ರ ಪ್ರವಾಸವೂ ಹೀಗೆಯೇ: ಇಟಲಿ ವಿರುದ್ಧದ 9–0 ಸೋಲು ಮಾತ್ರ ಒಲಿಂಪಿಕ್ಸ್. ಅದರ ಹಿಂದೆಯೇ ಓಸ್ಲೊದಲ್ಲಿ ನಾರ್ವೆಗೆ 11–0, ಬೆಲ್‌ಫಾಸ್ಟ್‌ನಲ್ಲಿ ಉತ್ತರ ಐರ್ಲೆಂಡ್‌ಗೆ 5–0 ಸೋತದ್ದು ಬೇರೆ ಸಾಲುಗಳು.

1951ರಲ್ಲಿ ಕ್ಲಾರ್ಕಿ ನ್ಯೂಯಾರ್ಕ್‌ನ ಜರ್ಮನ್-ಹಂಗೇರಿಯನ್ ಕ್ಲಬ್ ಸೇರಿ ಮತ್ತೆ ಅದೇ ಎರಡು ಕಪ್ ಗೆದ್ದರು. ಈ ಭಾಗ ಸಲೀಸು, ‘ಬ್ರೂಕ್ಲಿನ್ ಈಗಲ್’ ಪತ್ರಿಕೆಯ ಸ್ಕ್ಯಾನ್ ಪುಕ್ಕಟೆ ಇದೆ.

ದುಡ್ಡಿನ ಮಾತು. ಚಂದಾ ಕಟ್ಟಿ ನೋಡುವ ಪತ್ರಿಕಾ ಸಂಗ್ರಹಕ್ಕೆ ವರ್ಷಕ್ಕೆ ಹದಿನೈದು ಸಾವಿರ ರೂಪಾಯಿ ಆಸುಪಾಸು ಹೋಯಿತು. ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ ಬೇರೆ. ಬೇಕಾದ ವರ್ಷಗಳೇ ಅದರಲ್ಲಿ ಅರೆಬರೆ. ಚಂದಾ ಕಟ್ಟುವ ಮೊದಲು ಪತ್ರಿಕೆಯ ಹೆಸರು ನೋಡಿದರೆ ಸಾಲದು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂದು ನೋಡಿ. ಮೈಕ್ರೋಫಿಲ್ಮ್‌ನಿಂದ ಪುಟ ತೆಗೆಸಲು ಗ್ರಂಥಾಲಯಗಳಿಗೆ ಬರೆಯುವಾಗ ‘1947ರ ಕ್ರೀಡಾಪುಟಗಳು’ ಎಂದು ಕೇಳಿದರೆ ಉತ್ತರವೇ ಬರುವುದಿಲ್ಲ. ತಾರೀಖು ಕೊಟ್ಟು ನಾಲ್ಕೈದು ಪುಟ ಕೇಳಿದರೆ ಪುಟಕ್ಕೆ ನೂರೋ ಇನ್ನೂರೋ ರೂಪಾಯಿಯಲ್ಲಿ ಕೆಲಸ ಆಗುತ್ತದೆ.

ಪಕ್ಕದ ಪ್ರಯೋಗಗಳೂ ನಡೆದವು. ಬ್ರೆಜಿಲ್ ರಾಷ್ಟ್ರೀಯ ಗ್ರಂಥಾಲಯದ ಪತ್ರಿಕಾ ಸಂಗ್ರಹವಾದ ಹೆಮೆರೊಟೆಕಾದಲ್ಲಿ ‘ಜೊರ್ನಲ್ ದೊಸ್ ಸ್ಪೋರ್ಟ್ಸ್’ ಪತ್ರಿಕೆ ತೆಗೆದರೆ ವಿಶ್ವಕಪ್‌ನ ದಿನಗಳಲ್ಲಿ ಪುಟ ತುಂಬ ಆಟ. ಆ ವಿಶ್ವಕಪ್‌ನ ಶ್ರೇಷ್ಠ ಹನ್ನೊಂದರಲ್ಲಿ ಅಲ್ಲಿನ ‘ಮುಂಡೊ ಎಸ್ಪೊರ್ಟಿವೊ’ ಪತ್ರಿಕೆ ಕ್ಲಾರ್ಕಿಗೆ ಜಾಗ ಕೊಟ್ಟಿತ್ತು. ಇಂಗ್ಲೆಂಡ್ ವಿರುದ್ಧ ಗೋಲು ಹೊಡೆದ ಗೇಟ್ಜೆನ್ಸ್ ಹೆಸರನ್ನು ಜಗತ್ತು ನೆನಪಿಟ್ಟುಕೊಂಡಿದೆ, ಚೆಂಡು ಕಾಲಲ್ಲಿಟ್ಟು ಆಟ ನಡೆಸಿದವರನ್ನು ಮರೆತಿದೆ. ಇದು ನನಗೆ ಸರಿ ಕಾಣುವುದಿಲ್ಲ, ಪಟ್ಟಿ ಕಟ್ಟಲು ಕೂತದ್ದೂ ಅದಕ್ಕೇ. ಇದೇ ಮೂರು ಖಾನೆಯನ್ನು 1948ರ ಒಲಿಂಪಿಕ್ಸ್‌ನ ಭಾರತ ತಂಡದ ಅಣ್ಣತಮ್ಮಂದಿರಾದ ಅನಿಲ್ ನಂದಿ, ಸಂತೋಷ್ ನಂದಿ ಅವರ ಮೇಲೂ ಹಾಕಿ ನೋಡಿದ್ದೇನೆ, ಒಗ್ಗುತ್ತದೆ. ಅದೇ ತಂಡದಲ್ಲಿ ಫ್ರಾನ್ಸ್‌ಗೆ ಗೋಲು ಹೊಡೆದ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಕ್ಲಬ್ ಆಟಗಳ ಪಟ್ಟಿಗೂ ಯಾರಾದರೂ ಕೈ ಹಾಕಬೇಕು.

‘ಬರೀ ಸೋಜಾ’ ಖಾನೆಯಿಂದ ಗೋಲು ಎತ್ತಲು ಮೂರನೆಯ ಸಾಕ್ಷಿಯೊಂದಿದೆ. ಅದು ಪತ್ರಿಕೆಯ ಕ್ರೀಡಾಪುಟದಲ್ಲಿ ಇಲ್ಲ ಎಂಬಷ್ಟು ಮಾತ್ರ ಹೇಳುತ್ತೇನೆ. ಪಟ್ಟಿ ಪೂರ್ತಿಯಾಗುವವರೆಗೆ ಅದು ನನ್ನ ಹತ್ತಿರವೇ ಇರಲಿ.

ಮುಂದಿನ ಸರದಿ ಸೇಂಟ್ ಲೂಯಿಸ್‌ನ ಫ್ರಾಂಕ್ ವಾಲೇಸ್. ಅವರ ಹುಟ್ಟುಹೆಸರು ವ್ಯಾಲಿಸೆಂಟಿ, ಹಾಗಾಗಿ ಎರಡೂ ಹೆಸರಲ್ಲಿ ಹುಡುಕಬೇಕು. ಅಲ್ಲೂ ಮೂರು ಖಾನೆಯಿಂದಲೇ ಶುರು.