ಬಳ್ಳಾರಿ ಧೂಳಲ್ಲಿ ನೇಕೆಡ್ ಬೈಕ್: ಮೊದಲು ರೇಡಿಯೇಟರ್ ನೋಡಿ

ಡ್ಯೂಕ್ 390, ಎಂಟಿ-15 ಥರದ ನೇಕೆಡ್ ಬೈಕಿಗೆ ಫೇರಿಂಗ್, ಅಂದರೆ ಮೈಮುಚ್ಚುವ ಹೊದಿಕೆ, ಇರುವುದಿಲ್ಲ. ಎಂಜಿನ್, ಫ್ರೇಮ್ ಎಲ್ಲ ಕಾಣಬೇಕು, ಅದೇ ಅದರ ಚೆಂದ. ಆದರೆ ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಿಸಿದರೆ ಕೆಂಪು ಧೂಳು, ಮುಂದಿನ ಚಕ್ರ ಎರಚುವ ಕೆಸರು ಎಲ್ಲ ನೇರ ಎಂಜಿನ್ ತಣಿಸುವ ರೇಡಿಯೇಟರಿಗೇ ಬಡಿಯುತ್ತದೆ. ಮೇಲೆ 40 ಡಿಗ್ರಿ ಬಿಸಿಲು ಬೇರೆ. ಪಾಲಿಶ್ ಆಮೇಲೆ ಮಾಡಿಕೊಳ್ಳಿ.

ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರ್ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಬೆಳಕು ಬರದ ಕಡೆ ಗಾಳಿಯೂ ಹೋಗುವುದಿಲ್ಲ. ಅಲ್ಲಿ ಹಿಂದಿನಿಂದ ಮುಂದಕ್ಕೆ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ, ಕೂತ ಮಣ್ಣು ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ಅಂಟಿಕೊಂಡಿದ್ದರೆ ಮೆತ್ತನೆ ಬ್ರಷ್ಷಿನಿಂದ ಫಿನ್ (ರೇಡಿಯೇಟರಿನ ತಗಡಿನ ಪಟ್ಟಿ) ಇರುವ ಉದ್ದಕ್ಕೇ ಎಳೆಯಿರಿ, ಅಡ್ಡ ಉಜ್ಜಬೇಡಿ. ವಾಟರ್ ಸರ್ವಿಸ್‌ನವರಿಗೆ ಮಾತ್ರ ಪ್ರೆಶರ್ ಗನ್ ಅಲ್ಲಿ ಹಿಡಿಯಬೇಡಿ ಅಂತ ಮೊದಲೇ ಹೇಳಿಬಿಡಿ. ಆ ಅಲ್ಯೂಮಿನಿಯಂ ಫಿನ್‌ಗಳು ಬಹಳ ತೆಳು, ಒಂದೇ ಹೊಡೆತಕ್ಕೆ ಮಡಚಿಕೊಳ್ಳುತ್ತವೆ.

ಜಾಲರಿ ಗಾರ್ಡ್ ಹಾಕಿಸುವುದಾದರೆ ಕಣ್ಣು ಅಗಲ ಇರುವುದನ್ನೇ ಆರಿಸಿ. ಸೊಳ್ಳೆ ಪರದೆಯಷ್ಟು ಸಣ್ಣದಾದರೆ ಕಲ್ಲು ತಡೆಯುತ್ತದೆ ನಿಜ, ಗಾಳಿಯನ್ನೂ ತಡೆಯುತ್ತದೆ ಅಲ್ವಾ?

ರೇಡಿಯೇಟರ್ ಒಳಗೆ ಹರಿಯುವ ತಣಿಸುವ ದ್ರವ, ಅಂದರೆ ಕೂಲಂಟ್, ಅದರ ಮಟ್ಟವನ್ನು ಬೈಕ್ ನೇರ ನಿಲ್ಲಿಸಿ, ಎಂಜಿನ್ ತಣ್ಣಗಿದ್ದಾಗ ನೋಡಿ. ಕಡಿಮೆ ಇದೆ ಅಂತ ಬೋರ್ ನೀರು ಹಾಕಬೇಡಿ, ನಮ್ಮ ಕಡೆಯ ಸವುಳು ನೀರು ಒಳಗೆಲ್ಲ ಪೊರೆ ಕಟ್ಟುತ್ತದೆ. ಮ್ಯಾನುಯಲ್ ಹೇಳಿದ ಕೂಲಂಟ್ ಹಾಕಿ, ಅರ್ಜೆಂಟ್ ಇದ್ದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುವುದರಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಕ್ಯಾಪ್ ತೆಗೆದ ಕ್ಷಣ ಕುದ್ದು ಮುಖಕ್ಕೆ ಚಿಮ್ಮುತ್ತದೆ.

ರೈಲ್ವೆ ಗೇಟಿನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ಒಂದೇ ಆಧಾರ. ಬಿಸಿ ಏರುತ್ತಿದ್ದರೂ ಫ್ಯಾನ್ ತಿರುಗದಿದ್ದರೆ ಎಂಜಿನ್ ಆಫ್ ಮಾಡಿ. ಆರಿದ ಮೇಲೆ ಮೊದಲು ಫ್ಯೂಸ್ ನೋಡಿ.

ಏರ್ ಫಿಲ್ಟರ್ ಪೇಪರಿನದಾದರೆ ತೊಳೆಯುವ ಹಾಗಿಲ್ಲ. ಮ್ಯಾನುಯಲ್‌ನಲ್ಲಿ ಬರೆದ ಕಿಲೋಮೀಟರ್ ಸಾಮಾನ್ಯ ರಸ್ತೆಯದು, ಇಲ್ಲಿ ಬೇಗನೆ ಬದಲಿಸಿ. ಚೈನಿಗೆ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಸಾಕು, ಪೆಟ್ರೋಲ್ ಚೈನ್ ಕೊಂಡಿಯ ರಬ್ಬರ್ ಓ-ರಿಂಗ್ ಹಾಳು ಮಾಡುತ್ತದೆ.

ಕೊನೆಗೆ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್. ಡ್ಯೂಕಿನಲ್ಲಿ ಅದು ತಲೆಕೆಳಗು, ಹೊಳೆಯುವ ಕೊಳವೆ ಚಕ್ರದ ಪಕ್ಕದಲ್ಲೇ ಕೆಳಗಿರುತ್ತದೆ. ಧೂಳು ಅಲ್ಲೇ ಕೂತು ಎಣ್ಣೆ ಸೋರದಂತೆ ತಡೆಯುವ ಸೀಲ್ ತಿನ್ನುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತ ಒರೆಸಿ.