ಅರೇನಾಸ್‌ನನ್ನು ಪರಿಚಯಿಸಲು ನಾನು ಹಿಡಿದ ದಾರಿ

ಕ್ಯೂಬಾದ ಕಾದಂಬರಿಕಾರ ರೇನಾಲ್ದೊ ಅರೇನಾಸ್ ಬಗ್ಗೆ ಪರಿಚಯ ಲೇಖನ ಬರೆಯಲು ಒಪ್ಪಿಕೊಂಡ ಮೇಲೆ ಮೊದಲು ಮಾಡಿದ ಕೆಲಸ, ಆತನ ಆತ್ಮಕಥೆಯನ್ನು ಎತ್ತಿ ಕಪಾಟಿನ ಮೇಲಿಟ್ಟದ್ದು. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. 2000ದಲ್ಲಿ ಅದು ಸಿನಿಮಾ ಆದ ಮೇಲಂತೂ ಇನ್ನೂ ಜಾಸ್ತಿ. ಜೈಲು, ಪರಾರಿ, ಏಡ್ಸ್, ಆತ್ಮಹತ್ಯೆ ಎಲ್ಲ ಮೊದಲೇ ತಲೆಯಲ್ಲಿ ತುಂಬಿಕೊಂಡರೆ ಕಾದಂಬರಿಗಳನ್ನು ಓದುವುದು ಹೇಗೆ? ಬರೀ ಸಾಕ್ಷಿ ಹುಡುಕುತ್ತಾ ಕೂರುತ್ತೇವೆ, ಅಲ್ವಾ?

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ. ಒಂದರಲ್ಲಿ ಪುಸ್ತಕ ಬಂದ ವರ್ಷ, ಇನ್ನೊಂದರಲ್ಲಿ ಬಂದ ಊರು. ಲೇಖನಕ್ಕೆ ಬೇಕಾದ ಮಾತು ಅಲ್ಲೇ ಸಿಕ್ಕಿತು.

ಮೊದಲ ಕಾದಂಬರಿ 'ಸೆಲೆಸ್ತೀನೊ', 1967, ಹವಾನಾ. ಆಗ ಆತನಿಗೆ 24. ಊರಿನ ಕಾಲಂನಲ್ಲಿ ಹವಾನಾ ಎಂದು ನಾನು ಬರೆದದ್ದು ಇದೊಂದೇ ಕಾದಂಬರಿಗೆ. ಎರಡನೆಯದನ್ನು ಗುಟ್ಟಾಗಿ ಹೊರದೇಶಕ್ಕೆ ಕಳಿಸಿದ. 1968ರಲ್ಲಿ ಫ್ರೆಂಚ್ ಅನುವಾದ ಬಂತು, ಮರುವರ್ಷ ಸ್ಪ್ಯಾನಿಶ್ ಮೂಲ ಮೆಕ್ಸಿಕೋದಲ್ಲಿ ಅಚ್ಚಾಯಿತು. 'ಮತ್ತೆ ಕಡಲು' ಎನ್ನಬಹುದಾದ ಇನ್ನೊಂದರ ಹಸ್ತಪ್ರತಿ ಎರಡು ಸಲ ಕೈತಪ್ಪಿತು. ಮೂರನೇ ಸಲ ಬರೆದದ್ದು 1982ರಲ್ಲಿ ಸ್ಪೇನ್‌ನಲ್ಲಿ ಹೊರಬಂತು. ಆತ ದೇಶ ಬಿಟ್ಟದ್ದು 1980ರಲ್ಲಿ. ಅಂದರೆ ಮನುಷ್ಯನಿಗಿಂತ ಹನ್ನೊಂದು–ಹನ್ನೆರಡು ವರ್ಷ ಮೊದಲೇ ಪುಸ್ತಕಗಳು ಗಡೀಪಾರಾಗಿದ್ದವು. ಇದನ್ನೇ ಹಿಡಿದು ಬರೆದೆ.

ಲೇಖನದಲ್ಲಿ ಹೆಚ್ಚು ಜಾಗ ಕೊಟ್ಟದ್ದು 'ಸೆಲೆಸ್ತೀನೊ'ಗೆ. ಅರೇನಾಸ್ ಹುಟ್ಟಿದ ಓಲ್ಗಿನ್ ಕಡೆಯ ಬಡ ಹಳ್ಳಿಗಾಡೇ ಅದರ ನೆಲ. ಹುಡುಗನೊಬ್ಬ ಮರದ ಕಾಂಡಗಳ ಮೇಲೆ ಕವಿತೆ ಬರೆಯುತ್ತಾನೆ. ಅಜ್ಜ ಕೊಡಲಿ ಹಿಡಿದು ಹಿಂದೆಯೇ ಬಂದು ಆ ಮರಗಳನ್ನು ಕಡಿಯುತ್ತಾನೆ. ಕೊಡಲಿ, ಕೊಡಲಿ, ಕೊಡಲಿ ಎಂದು ಆ ಪದವೇ ಪುಟದ ತುಂಬ ಬೀಳುತ್ತಾ ಹೋಗುತ್ತದೆ. ಕಥೆ ಒಂದು ಸಲ ಮುಗಿದು, ಮತ್ತೆ ಮುಗಿದು, ಮೂರನೇ ಸಲ ನಿಜವಾಗಿ ಮುಗಿಯುತ್ತದೆ. ಸುಮ್ನೆ ಆಟಕ್ಕೆ ಮಾಡಿದ್ದಲ್ಲ ಇದು. ಕಡಿದಷ್ಟೂ ಮತ್ತೆ ಬರೆಯುವ ಹಟ ಅದರಲ್ಲಿದೆ. ಪೊಲೀಸರು ಬಾಗಿಲಿಗೆ ಬರುವ ಮೊದಲೇ ಬರೆದ ಪುಸ್ತಕ ಎಂಬುದು ನೆನಪಿರಲಿ.

ಆತ್ಮಕಥೆ ತೆಗೆದದ್ದು ಕೊನೆಗೆ. ಕಾಯಿಲೆಯಿಂದ ಟೈಪ್ ಮಾಡಲೂ ಶಕ್ತಿಯಿಲ್ಲದೆ, ಟೇಪ್ ರೆಕಾರ್ಡರ್‌ಗೆ ಹೇಳಿ ಬರೆಸಿದ ಪುಸ್ತಕ ಅದು. ಸಿಟ್ಟೂ ಇದೆ, ಉತ್ಪ್ರೇಕ್ಷೆಯೂ ಇದೆ. 1974ರಿಂದ 76ರವರೆಗಿನ ಸೆರೆವಾಸದಂಥ ಹೊರಗೂ ದಾಖಲಾದ ಸಂಗತಿಗಳನ್ನು ನೇರವಾಗಿ ಬರೆದೆ. ಉಳಿದದ್ದಕ್ಕೆ 'ಆತನೇ ಹೇಳುವಂತೆ' ಎಂದು ಸೇರಿಸಿದೆ. ಉದಾಹರಣೆಗೆ, ತಲೆಮರೆಸಿಕೊಂಡು ಹವಾನಾದ ಲೆನಿನ್ ಪಾರ್ಕಿನಲ್ಲಿದ್ದಾಗ ಕತ್ತಲಾಗುವ ಮುಂಚೆ ಬರೆದು ಮುಗಿಸಬೇಕಿತ್ತಂತೆ. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ಅಮೆರಿಕಕ್ಕೆ ಹೊರಟಾಗ, ಕಾಗದದಲ್ಲಿ 'ಅರೇನಾಸ್' ಅನ್ನು 'ಅರಿನಾಸ್' ಎಂದು ತಿದ್ದಿ ಪಾರಾದನಂತೆ. ಇಂಥ ಕಥೆಗಾರನನ್ನು ನಂಬಬೇಕು, ಆದರೆ ಸ್ವಲ್ಪ ದೂರ ನಿಂತು.

ನ್ಯೂಯಾರ್ಕ್ ವರ್ಷಗಳನ್ನು ಒಂದೇ ಪ್ಯಾರಾದಲ್ಲಿ ಮುಗಿಸಿದೆ. 1990ರ ಡಿಸೆಂಬರ್ 7ರ ಸಾವಿಗೆ ಎರಡು ಸಾಲು ಸಾಕಾಯಿತು.

ಓದಲು ಹೊರಡುವವರು 'ಸೆಲೆಸ್ತೀನೊ'ದಿಂದಲೇ ಶುರು ಮಾಡಿ. ಇಂಗ್ಲಿಷಿನಲ್ಲಿ ಅದರ ಹೆಸರು 'ಸಿಂಗಿಂಗ್ ಫ್ರಮ್ ದ ವೆಲ್'. ಮೊದಲ ಮೂವತ್ತು ಪುಟ ಗೊಂದಲ ಅನಿಸಿದರೆ ಗಟ್ಟಿಯಾಗಿ ಓದಿ ನೋಡಿ. ನನಗೆ ಅದು ದಾರಿಗೆ ಬಂದದ್ದು ಹಾಗೆ.