ಮೆಕ್ಕೆಜೋಳದ ಹೊಲದ ನಡುವಿನ ಸ್ಮಶಾನದಲ್ಲಿ ಜರ್ಮನ್ ಹಿರಿಯರ ಊರು ಹುಡುಕುವುದು

ನನ್ನ ಅತ್ತೆಯವರ ಹಿರಿಯರು ಜರ್ಮನಿ ಬಿಟ್ಟು ಬಂದು ಅಮೆರಿಕದ ಐಯೊವಾದಲ್ಲಿ ಮಣ್ಣಾದವರು. ಯಾವ ಊರಿಂದ ಬಂದರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಎಂಬತ್ತು ತುಂಬುವುದರೊಳಗೆ ಆ ಊರಿನ ಹೆಸರು ಹೇಳಬೇಕು ಅಂತ ನನಗೆ ಆಸೆ. ಮೂರು ಬೇಸಿಗೆ ಅಲ್ಲಿನ ಹಳ್ಳಿಯ ಲೂಥರನ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಸ್ಮಶಾನದಲ್ಲಿ ಓಡಾಡಿ ಕಲಿತದ್ದು ಇದು.

ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ. ಬಿಸಿಲು ಓರೆಯಾಗಿ ಬಿದ್ದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನೆರಳಲ್ಲಿರುವ ಕಲ್ಲಿಗೆ ಕನ್ನಡಿಯಿಂದ ಬೆಳಕು ಹಾಯಿಸಿ. ಸೀಮೆಸುಣ್ಣ, ಬ್ಲೀಚು, ತಂತಿಯ ಬ್ರಷ್ಷು ಮಾತ್ರ ದಯವಿಟ್ಟು ಬೇಡ. ಹಳೆಯ ಅಮೃತಶಿಲೆ ಸಕ್ಕರೆಯ ಹಾಗೆ ಉದುರುತ್ತದೆ.

ಹಳೆಯ ಜರ್ಮನ್ ಅಚ್ಚಕ್ಷರಕ್ಕೆ ಫ್ರಾಕ್ಟೂರ್ ಅನ್ನುತ್ತಾರೆ. ಅದರಲ್ಲಿ ದೊಡ್ಡ ‘ಕೆ’, ‘ಆರ್’ ಎರಡೂ ಹೆಚ್ಚುಕಮ್ಮಿ ಒಂದೇ ಥರ. ಉದ್ದದ ‘ಎಸ್’ ನೋಡಿದರೆ ‘ಎಫ್’ ಅನಿಸುತ್ತದೆ. ನಾನು ಕೆ ಅಕ್ಷರವನ್ನು ಆರ್ ಅಂತ ಓದಿ, ಒಂದು ವರ್ಷ ಇಲ್ಲದ ಹೆಸರನ್ನು ಹುಡುಕಿದೆ. ‘ಗೆಬ್.’ ಅಂದರೆ ಹುಟ್ಟಿದ್ದು, ‘ಗೆಸ್ಟ್.’ ಅಂದರೆ ತೀರಿಕೊಂಡಿದ್ದು. ಹೆಂಗಸಿನ ಹೆಸರಾದ ಮೇಲೆ ‘ಗೆಬ್.’ ಬಂದು, ಮುಂದೆ ಇನ್ನೊಂದು ಮನೆತನದ ಹೆಸರಿದ್ದರೆ ಅದು ತವರಿನ ಹೆಸರು. ಅದು ಚಿನ್ನ ಸಿಕ್ಕ ಹಾಗೆ, ಬಿಡಬೇಡಿ.

ಕೆಲವು ಕಲ್ಲಲ್ಲಿ ಹುಟ್ಟಿದ ದಿನವೇ ಇರುವುದಿಲ್ಲ, ಬದುಕಿದ ವರ್ಷ, ತಿಂಗಳು, ದಿನ ಮಾತ್ರ. ಸತ್ತ ದಿನದಿಂದ ಹಿಂದಕ್ಕೆ ಕಳೆಯಿರಿ. 1891ರ ಮಾರ್ಚ್ 25ಕ್ಕೆ 63 ವರ್ಷ, 4 ತಿಂಗಳು, 20 ದಿನ ಅಂದರೆ 1827ರ ನವೆಂಬರ್ 5. ಒಂದೆರಡು ದಿನ ಆಚೀಚೆ ಆಗಬಹುದು.

ಮಗನ ಕಲ್ಲು ಇಂಗ್ಲಿಷಿನಲ್ಲಿದ್ದರೆ ಬೇರೆ ಮನೆಯವರು ಅಂದುಕೊಳ್ಳಬೇಡಿ. 1918ರಲ್ಲಿ, ಜರ್ಮನಿಯ ಮೇಲೆ ಅಮೆರಿಕ ಹೋರಾಡುತ್ತಿದ್ದ ಮೊದಲ ಮಹಾಯುದ್ಧದ ಹೊತ್ತಿಗೆ, ಐಯೊವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಸಾರ್ವಜನಿಕವಾಗಿ, ಫೋನಿನಲ್ಲಿ, ಚರ್ಚಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಅಂತ ಆಜ್ಞೆ ಹೊರಡಿಸಿದರು. ತಾಯಿನುಡಿಯಲ್ಲಿ ದೇವರಿಗೆ ಕೈಮುಗಿಯುವುದೂ ತಪ್ಪಾಯಿತು ಅಂದರೆ ಎಷ್ಟು ನೊಂದಿರಬೇಕು, ಅಲ್ವಾ? ಮ್ಯೂಲರ್ ಮಿಲ್ಲರ್ ಆದದ್ದು, ಶ್ಮಿಟ್ ಸ್ಮಿತ್ ಆದದ್ದು ಎಷ್ಟೋ ಮನೆಗಳಲ್ಲಿ ಉಂಟು.

ಈಗ ಮುಖ್ಯ ಮಾತು. ನಿಮ್ಮವರ ಕಲ್ಲೊಂದನ್ನೇ ನೋಡಿ ಬರಬೇಡಿ. ಸುತ್ತಲಿನ ಸಾಲುಗಳನ್ನೆಲ್ಲ ಫೋಟೋ ತೆಗೆಯಿರಿ. ಒಬ್ಬರು ಬಂದು ನೆಲೆ ನಿಂತ ಮೇಲೆ ಅದೇ ಊರಿನ ನೆಂಟರು, ನೆರೆಯವರು ಹಿಂದೆಯೇ ಬರುತ್ತಿದ್ದರು. ನಮ್ಮವರ ಕಲ್ಲಲ್ಲಿ ಬರೀ ‘ಮೆಕ್ಲೆನ್‌ಬುರ್ಗ್’ ಅಂತಿತ್ತು, ಅದು ಇಡೀ ಸೀಮೆಯ ಹೆಸರು. ಎರಡು ಸಾಲು ಹಿಂದೆ ಇನ್ನೊಂದು ಮನೆಯವರ ಕಲ್ಲಲ್ಲಿ ಹಳ್ಳಿಯ ಹೆಸರೇ ಇತ್ತು.

ಆ ಹೆಸರು ಹಿಡಿದು ಚರ್ಚಿನ ಮಣ್ಣುಮಾಡಿದವರ ದಾಖಲೆ ಪುಸ್ತಕ ಕೇಳಿ. ಪಾದ್ರಿಗಳು ಎಷ್ಟೋ ಸಲ ಹುಟ್ಟೂರನ್ನೂ ಬರೆದಿಟ್ಟಿರುತ್ತಾರೆ. ನಮ್ಮವರ ಹೆಸರಿನ ಮುಂದೆಯೂ ಅದೇ ಹಳ್ಳಿ ಇತ್ತು. 1900ರ ಅಮೆರಿಕದ ಜನಗಣತಿಯಲ್ಲಿ ವಲಸೆ ಬಂದ ವರ್ಷ ನೋಡಿಕೊಳ್ಳಿ. ಹ್ಯಾಂಬುರ್ಗ್ ಬಂದರಿನಿಂದ ಹೊರಟಿದ್ದರೆ 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿಗಳಿವೆ. ಬ್ರೆಮೆನ್ ಬಂದರಿನವು ಬಹುಪಾಲು ಉಳಿದಿಲ್ಲ. ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚು ಪುಸ್ತಕಗಳಿಗೆ ಆರ್ಕಿಯೋನ್ ಎಂಬ ಜಾಲತಾಣವಿದೆ, ದುಡ್ಡು ಕೊಡಬೇಕು. ಅತ್ತೆಯವರ ಮುತ್ತಜ್ಜನ ನಾಮಕರಣದ ಸಾಲು ನನಗೆ ಸಿಕ್ಕಿದ್ದು ಅಲ್ಲೇ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಟ್ಟೆ. ಊರಿನ ಹೆಸರನ್ನು ಮೂರು ಸಲ ಜೋರಾಗಿ ಓದಿದರು.